ಇಂದೂ ಅತ್ಯಾನ ಚೆಲ್ಲೊ

ಪಕ್ಕದ ಮನೆಯ ಹುಡುಗಿ ವಯೊಲಿನ್ ಕಲಿಯುತ್ತಿದ್ದಾಳೆ. ನಿನ್ನೆ ಸಂಜೆ ಹೊಸ ಕಮಾನು ತೋರಿಸಲು ಬಂದವಳು ನನ್ನೆದುರೇ ಕೂತು ಅದಕ್ಕೆ ರಾಳ ತಿಕ್ಕಿದಳು. ಕೆಲಸದಿಂದ ದಣಿದು ಬಂದು ಚಹಾ ಕುಡಿಯುತ್ತಿದ್ದೆ. ಆ ಒಣ ಕಹಿ ವಾಸನೆ ಮೂಗಿಗೆ ಬಿದ್ದದ್ದೇ ತಡ, ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯ ಹಿಂದಿನ ಕೋಣೆ, ಅದರ ತಂಪು ಫರಸಿ ನೆಲ, ಅಲ್ಲಿ ಚೆಲ್ಲೊ ಹಿಡಿದು ಕೂತ ಇಂದೂ ಅತ್ಯಾ, ಎಲ್ಲ ಕಣ್ಣಿಗೆ ಕಟ್ಟಿತು. ಚೆಲ್ಲೊ ಎಂದರೆ ವಯೊಲಿನ್ನಿನಂಥದ್ದೇ ವಾದ್ಯ, ಆದರೆ ಮೊಣಕಾಲುಗಳ ನಡುವೆ ನಿಲ್ಲಿಸಿಕೊಳ್ಳುವಷ್ಟು ದೊಡ್ಡದು, ದನಿ ಗಂಡಸಿನ ಎದೆಯಿಂದ ಬಂದಂಥದ್ದು.

ಅತ್ಯಾ ನನ್ನ ತಂದೆಯ ಅಕ್ಕ. ಮದುವೆಯಾಗಿರಲಿಲ್ಲ. ಹುಬ್ಬಳ್ಳಿಯ ರೈಲ್ವೆ ಆಫೀಸಿನಲ್ಲಿ ಕೆಲಸ, ದಿನಾ ಹೋಗಿ ಬರುತ್ತಿದ್ದಳು. ಮನೆ ಅಜ್ಜನದು. ಅಜ್ಜ ಹಾಡುವವನು, ಬೆಳಗಾದರೆ ಅಮ್ಮಿನಬಾವಿ, ಹೆಬ್ಬಳ್ಳಿ ಕಡೆಯ ಶಿಷ್ಯರು ಪಡಸಾಲೆಯಲ್ಲಿ ತಂಬೂರಿ ಹಿಡಿದು ಕೂತಿರುತ್ತಿದ್ದರು. ಅಂಥ ಮನೆಗೆ ಚೆಲ್ಲೊ ಬಂದದ್ದು ಹುಬ್ಬಳ್ಳಿಯ ರೈಲ್ವೆ ಕಾಲನಿಯಿಂದ. ಅಲ್ಲಿನ ಡೋರಾ ಎಂಬ ವೃದ್ಧೆ ಊಟದ ಬಿಡುವಿನಲ್ಲಿ ಅತ್ಯಾನಿಗೆ ಅದನ್ನು ಕಲಿಸಿದ್ದಳು. ಊರು ಬಿಡುವಾಗ ವಾದ್ಯವನ್ನೂ ಒಂದು ಪೆಟ್ಟಿಗೆ ರೆಕಾರ್ಡುಗಳನ್ನೂ ಅವಳಿಗೇ ಕೊಟ್ಟು ಹೋದಳು. ತಂತಿ ಕುರಿಯ ಕರುಳಿನದೆಂದು ತಿಳಿದ ಅಜ್ಜಿ ಅದನ್ನು ದೇವರ ಮನೆಯ ಕಡೆ ಸುಳಿಯಗೊಡಲಿಲ್ಲ. ಹಾಗಾಗಿ ಅತ್ಯಾ ಹಿಂದಿನ ಕೋಣೆ ಸೇರಿದಳು.

ರವಿವಾರ ಮಧ್ಯಾಹ್ನ ಊಟ ಮುಗಿಸಿ ನಾವು ಮಕ್ಕಳು ಅಲ್ಲಿಗೆ ಹೋಗುತ್ತಿದ್ದೆವು. ವಾರದ ದಣಿವು ಅವಳ ಕಣ್ಣ ಕೆಳಗೆ ಕಪ್ಪಾಗಿ ಕೂತಿರುತ್ತಿತ್ತು. ಆದರೂ ರೆಕಾರ್ಡಿನ ಧೂಳನ್ನು ಸೆರಗಿನಿಂದ ಒರೆಸಿ ಹೇಳತೊಡಗಿದರೆ ದನಿ ಹಗುರಾಗುತ್ತಿತ್ತು. ಮೊದಲು ಯುರೋಪಿನ ಚರ್ಚುಗಳಲ್ಲಿ ಬರೀ ಕಂಠವಿತ್ತಂತೆ, ಎಲ್ಲರದೂ ಒಂದೇ ಸ್ವರ. ಆಮೇಲೆ ಯಾರೋ ಆ ಸ್ವರದ ಮೇಲೆ ಇನ್ನೊಂದನ್ನು ಇಟ್ಟರಂತೆ. ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ನಮ್ಮ ಶಹನಾಯಿಯ ಬಳಗದ ಶಾಮ್ ಎಂಬ ವಾದ್ಯ ಬೀದಿಯ ಮೆರವಣಿಗೆಗಳಲ್ಲಿ ಗಂಟಲು ಹರಿಯುವಂತೆ ಕೂಗುತ್ತಿತ್ತು, ಅರಮನೆಯ ಒಳಗೆ ಬರಲು ಮೆತ್ತಗಾಗಿ ಓಬೊ ಆಯಿತು. ಬೇಟೆಗಾರರ ಕೊಂಬು ಕಾಡು ಬಿಟ್ಟು ಸಭೆಗೆ ಬಂತು. ತುರ್ಕರ ಕುದುರೆಗಳ ಮೇಲಿನ ಜೋಡಿ ನಗಾರಿ ವಾದ್ಯವೃಂದದಲ್ಲಿ ಎಲ್ಲರ ಹಿಂದೆ ಹೋಗಿ ಕೂತಿತು. ಚೆಲ್ಲೊ ಹೆಸರು ಮಾಡುವ ಮುಂಚೆ ವಿಯೋಲ್ ಇತ್ತು, ಅದರ ಕುತ್ತಿಗೆಗೆ ಸಿತಾರಿನ ಹಾಗೆ ಸ್ವರದ ಮೆಟ್ಟಿಲು ಕಟ್ಟುತ್ತಿದ್ದರು. ದೂರದ ನೆಂಟರ ಸುದ್ದಿ ಹೇಳುವಂತೆ ಅತ್ಯಾ ಇದನ್ನೆಲ್ಲ ಹೇಳುತ್ತಿದ್ದಳು. ಅಜ್ಜನಿಗೆ ಹಿಡಿಸುತ್ತಿರಲಿಲ್ಲ. ಒಂದು ಸಲ ಬಾಗಿಲಲ್ಲಿ ನಿಂತು ರೆಕಾರ್ಡು ಕೇಳಿ, “ಹತ್ತು ಮಂದಿ ಒಮ್ಮೆಲೆ ಮಾತಾಡ್ಲಿಕ್ಕತ್ತಂಗ ಅದ” ಎಂದ.

“ಮಾತಾಡ್ತಾರ, ಅಪ್ಪಾ. ಆದ್ರ ಯಾರೂ ಯಾರ್ದೂ ಮಾತು ಕಡಿಯೂದಿಲ್ಲ ನೋಡ್ರಿ” ಎಂದಳು ಅತ್ಯಾ.

ಆ ಹತ್ತು ಮಂದಿಯ ನಡುವೆ ಒಮ್ಮೆ ಕೂತು ನುಡಿಸಬೇಕೆಂಬುದೇ ಅವಳ ಆಸೆ. ಡೋರಾ ಕಾಗದ ಬರೆದು ಹೇಳಿದ್ದರಿಂದ ಮುಂಬೈಯ ಒಂದು ಸಣ್ಣ ವಾದ್ಯವೃಂದದವರು ಬಾ ಎಂದರು. ಅಲ್ಲಿಗೆ ವರ್ಗವೂ ಆಯಿತು. ಹೊರಡುವ ಮುಂಚಿನ ವಾರ ಅಜ್ಜನಿಗೆ ಲಕ್ವಾ ಹೊಡೆಯಿತು. ಮಾತು ತೊದಲುತ್ತ ಉಳಿಯಿತು, ಹಾಡು ಹೋಯಿತು. ಶಿಷ್ಯರು ಕೆಲ ದಿನ ಬಂದು ಕಾಲು ಮುಟ್ಟಿ ಹೋದರು, ಆಮೇಲೆ ಬರುವುದು ನಿಂತಿತು. ಮುಂಬೈಗೆ ಯಾವಾಗ ಎಂದು ಅತ್ಯಾನನ್ನು ಯಾರೂ ಕೇಳಲಿಲ್ಲ. ಅವಳು ವರ್ಗ ರದ್ದು ಮಾಡಿಸಿಕೊಂಡು ಮತ್ತೆ ಹುಬ್ಬಳ್ಳಿಯ ಆಫೀಸಿಗೇ ಹೋಗತೊಡಗಿದಳು. ಒಂದು ಸಂಜೆ ಅಜ್ಜ ಅವಳನ್ನು ಕರೆಸಿಕೊಂಡ. ನನ್ನ ಅಪ್ಪ ತಂಬೂರಿ ಎತ್ತಿಕೊಳ್ಳಹೋದರೆ ಬೇಡವೆಂದು ಕೈಯಾಡಿಸಿ, “ಅದು ಹಾಡಾಂವನ್ನ ಕೇಳ್ತದ. ಇಂದೂ, ನಿಂದು ತಗೊಂಡು ಬಾ. ಅದು ತಾನ ಹಾಡ್ತದ” ಎಂದ. ಅಜ್ಜಿ ತಾನೇ ಎದ್ದು ಕುರ್ಚಿ ತಂದಿಟ್ಟಳು. ಅತ್ಯಾ ದಪ್ಪ ತಂತಿಯನ್ನು ಅಜ್ಜನ ಷಡ್ಜಕ್ಕೆ ತಂದು ಕಮಾನನ್ನು ನಿಧಾನ ಎಳೆದಳು. ಅಜ್ಜ ಕಣ್ಣು ಮುಚ್ಚಿದ. ಅವನ ಗಂಟಲಿನ ನರ ಮೆಲ್ಲಗೆ ಮಿಡಿಯುವುದನ್ನು ನಾನು ಹಾಸಿಗೆಯ ಪಕ್ಕದಿಂದ ನೋಡಿದೆ.

ಅಂದಿನಿಂದ ಆಫೀಸಿನಿಂದ ಬಂದ ಮೇಲೆ ಅದೊಂದೇ ಸ್ವರ, ಬಹಳವಾದರೆ ಅಕ್ಕಪಕ್ಕದ ಎರಡು, ದೇವರ ದೀಪ ಹಚ್ಚುವ ತನಕ. ವರ್ಷಗಟ್ಟಲೆ. ರವಿವಾರದ ಕಥೆಗಳು ನಿಂತವು, ನಾವು ದೊಡ್ಡವರಾಗಿ ಚದುರಿದೆವು. ಅಜ್ಜ ತೀರಿಕೊಳ್ಳುವ ಹೊತ್ತಿಗೆ ಅತ್ಯಾನ ಬೆರಳುಗಳು ಸೆಟೆದುಕೊಂಡಿದ್ದವು. ಮನೆ ಪಾಲಾಯಿತು, ಕೆಡವಿದರು. ನಿಮ್ಮಲ್ಲಿ ಹಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬಾಗಿಲು ಇದ್ದ ಜಾಗದಲ್ಲಿ ಈಗ ಯಾರದೋ ಗಾಡಿ ನಿಲ್ಲುತ್ತದೆ. ಚೆಲ್ಲೊವನ್ನು ಒಂದು ಶಾಲೆಗೆ ಕೊಟ್ಟು ಅತ್ಯಾ ನನ್ನ ಫ್ಲ್ಯಾಟಿಗೆ ಬಂದಳು.

ಅವಳು ತೀರಿಕೊಳ್ಳುವ ಹಿಂದಿನ ವರ್ಷ, ಮುಂಬೈಯಲ್ಲಿ ದೊಡ್ಡ ವಾದ್ಯವೃಂದವೊಂದರ ಕಛೇರಿ ಕೇಳಲು ಕರೆದುಕೊಂಡು ಹೋದೆ. ರೈಲಿನ ಪ್ರಯಾಣಕ್ಕೆ ಸೋತುಹೋಗಿದ್ದಳು. ಓಬೊ ಶ್ರುತಿ ಕೊಟ್ಟಿತು, ಉಳಿದವರೆಲ್ಲ ಒಬ್ಬೊಬ್ಬರಾಗಿ ಅದಕ್ಕೆ ಸೇರಿಕೊಂಡರು. ಅತ್ಯಾ ನನ್ನ ಕೈ ಗಟ್ಟಿಯಾಗಿ ಹಿಡಿದಳು. ನುಡಿಸಲು ಶುರುಮಾಡಿದ ಸ್ವಲ್ಪ ಹೊತ್ತಿಗೆ ಆ ಹಿಡಿತ ಸಡಿಲಾಯಿತು. ನೋಡಿದರೆ, ತಲೆ ನನ್ನ ಭುಜಕ್ಕೆ ವಾಲಿಸಿ ನಿದ್ದೆ ಹೋಗಿದ್ದಳು. ಎಬ್ಬಿಸಬೇಕೆಂದುಕೊಂಡವನು ಆ ಮುಖ ಕಂಡು ಸುಮ್ಮನಾದೆ. ಚಪ್ಪಾಳೆಯ ಸದ್ದಿಗೆ ಎಚ್ಚರಾಯಿತು. ಮುಗಿಯಿತೇ ಎಂದು ಕೇಳಿದಳು, ಮುಗಿಯಿತೆಂದೆ.

“ಹಂಗಾರ ಏಳು, ಮನಿಗೆ ಹೋಗೂಣು” ಎಂದು ಸೆರಗು ಸರಿಮಾಡಿಕೊಂಡಳು. “ಅಪ್ಪ ಹಾದಿ ಕಾಯ್ತಿರ್ತಾರ.”

ಹೂಂ ಅತ್ಯಾ ಎಂದೆ. ಅವಳ ಚಪ್ಪಲಿಯನ್ನು ಕಾಲಿನ ಹತ್ತಿರ ಸರಿಸಿಟ್ಟು, ಅವಳು ಏಳುವ ತನಕ ಕಾದೆ.