ಹಳೇ ಸ್ಟೇಷನ್ನಿನ ಹೆಂಗಸರ ಕೋಣೆ

ಆ ದಿನ ಬೆಳಿಗ್ಗೆಯೂ ಎಂದಿನಂತೆ ಹಂಡೆಗೆ ಉರಿ ಹಾಕಿ, ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಎಳೆದೆ. ಹಾಲು ಕಾಯುವಷ್ಟರಲ್ಲಿ ಡಿಕಾಕ್ಷನ್ ಇಳಿದಿತ್ತು. ಯಜಮಾನರಿಗೆ ಕಾಫಿ ಕೊಟ್ಟು, ಮಕ್ಕಳ ಡಬ್ಬಿಗೆ ಚಿತ್ರಾನ್ನ ಕಲಸಿ, ರಾತ್ರಿ ನೆನೆಹಾಕಿದ್ದ ಹೆಸರುಬೇಳೆಯನ್ನು ಬಸಿಯಲು ಇಟ್ಟೆ. ಇದರಲ್ಲಿ ಬೇಳೆಯೊಂದು ಮಾತ್ರ ದಿನನಿತ್ಯದ್ದಲ್ಲ. ನಮ್ಮೂರಿನ ಹಳೇ ರೈಲ್ವೆ ಸ್ಟೇಷನ್ ಕಟ್ಟಡವನ್ನು ರಿಪೇರಿ ಮಾಡಿ ಮತ್ತೆ ತೆರೆಯುವ ದಿನ ಅದು. ಕೋಸಂಬರಿ, ಪಾನಕದ ಹೊಣೆ ನಮ್ಮ ಬೀದಿಯ ಹೆಂಗಸರದು.

ಹೊಳೆನರಸೀಪುರಕ್ಕೆ ನಾನು ಸೊಸೆಯಾಗಿ ಬಂದಿಳಿದದ್ದು ಆ ಸ್ಟೇಷನ್ನಿನಲ್ಲೇ. ಹಾಸನದ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಓದಿದವಳು ನಾನು. ಗಟ್ಟಿಯಾಗಿ ಮಾತಾಡಬಾರದು, ಕುರ್ಚಿ ಎಳೆದರೆ ಸದ್ದಾಗಬಾರದು ಎನ್ನುವುದೆಲ್ಲ ಮೈಗೆ ಹತ್ತಿಹೋಗಿತ್ತು. ತವರಿಗೆ ಹೊರಡುವ ದಿನ ಬೇಕೆಂದೇ ಬೇಗ ಸ್ಟೇಷನ್ನಿಗೆ ಹೋಗುತ್ತಿದ್ದೆ. ಲೇಡೀಸ್ ವೇಟಿಂಗ್ ರೂಮಿನಲ್ಲಿ ಗೋಡೆಯುದ್ದಕ್ಕೂ ಒಂದು ಬೆಂಚು. ಗಾರೆಯ ದಪ್ಪ ಗೋಡೆ, ಎಷ್ಟು ಬಿಸಿಲಿದ್ದರೂ ಬೆನ್ನಿಗೆ ತಣ್ಣಗೆ ತಾಗುತ್ತಿತ್ತು. ಹೆಂಚಿನ ನಡುವಿನ ಗಾಜಿನಿಂದ ಬಿಸಿಲಿನ ಒಂದು ಚೌಕ ನೆಲಕ್ಕೆ ಬಿದ್ದು ನಿಧಾನಕ್ಕೆ ಬೆಂಚಿನ ಕಾಲಿನ ಕಡೆಗೆ ಸರಿಯುತ್ತಿತ್ತು. ರೈಲು ತಡ ಎಂದರೆ ಮಿಕ್ಕವರು ಗೊಣಗುವರು, ನನಗೆ ಒಳಗೊಳಗೇ ಹಿತ. ರೈಲು ಬರುವತನಕ ನನ್ನನ್ನು ಯಾರೂ ಏನೂ ಕೇಳುವ ಹಾಗಿಲ್ಲ. ಇಡೀ ಊರಿನಲ್ಲಿ ಹೆಂಗಸೊಬ್ಬಳು ಏನೂ ಮಾಡದೆ ಸುಮ್ಮನೆ ಕೂತರೂ ಯಾರೂ ತಪ್ಪು ತಿಳಿಯದ ಜಾಗ ಅದೊಂದೇ ಇತ್ತು. ದೇವಸ್ಥಾನದಲ್ಲಾದರೂ ಪ್ರದಕ್ಷಿಣೆ ಹಾಕಬೇಕಲ್ಲ.

ತೊಂಬತ್ತರ ದಶಕದಲ್ಲಿ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದರು. ಹೊಸ ಸ್ಟೇಷನ್ ಎದ್ದಿತು, ಹಳೆಯದಕ್ಕೆ ಬೀಗ ಬಿತ್ತು. ಕೆಲವು ವರ್ಷ ಅಲ್ಲಿ ಪಾರಿವಾಳ, ಮೇಕೆಗಳದೇ ಸಂಸಾರ. ಆಮೇಲೆ ಊರಿನ ನಾಲ್ಕು ಜನ ದೊಡ್ಡವರು ಸೇರಿ ಒಂದು ಸಮಿತಿ ಮಾಡಿ ಕಟ್ಟಡವನ್ನು ವಹಿಸಿಕೊಂಡರು. ಕಾಲೇಜಿನಲ್ಲಿ ಪಾಠ ಮಾಡುವ ನಮ್ಮ ಯಜಮಾನರೂ ಅದರಲ್ಲೊಬ್ಬರು. ಮೊದಲು ಕೆಡವಿ ಕಾಂಪ್ಲೆಕ್ಸ್ ಕಟ್ಟೋಣ ಎಂದೇ ಮಾತಾಗಿತ್ತು. ಮೈಸೂರಿನಿಂದ ಬಂದ ಇಂಜಿನಿಯರು ಗೋಡೆ ತಟ್ಟಿ ನೋಡಿ, ಇದಕ್ಕೆ ಇನ್ನೂ ನೂರು ವರ್ಷ ಆಯಸ್ಸಿದೆ, ಸಿಮೆಂಟ್ ಮುಟ್ಟಿಸಬೇಡಿ, ಸುಣ್ಣದ ಗಾರೆಯಲ್ಲೇ ರಿಪೇರಿ ಮಾಡಿ ಎಂದರಂತೆ. ಮಾಡಿನ ಮಳೆನೀರು ಇಂಜಿನ್ನಿಗೆ ನೀರು ತುಂಬುತ್ತಿದ್ದ ಹಳೇ ತೊಟ್ಟಿಗೇ ಹೋಗಲಿ, ಹಳಿಯ ಕೆಳಗಿದ್ದ ಮರದ ಸ್ಲೀಪರುಗಳು ಬೆಂಚಾಗಲಿ ಎಂದೂ ಹೇಳಿದರಂತೆ. ಮುಂಭಾಗಕ್ಕೆ ಅಂಗಡಿ, ಟಿಕೆಟ್ ಕೋಣೆಗೆ ವಾಚನಾಲಯ, ಗೂಡ್ಸ್ ಶೆಡ್ಡು ಸಭೆ ಸಮಾರಂಭಕ್ಕೆ ಎಂದು ತೀರ್ಮಾನವಾಯಿತು. ವೇಟಿಂಗ್ ರೂಮು ಹೆಂಗಸರಿಗೇ ಇರಲಿ ಎನ್ನುವುದು ನನ್ನ ಮಾತು. ಒಂದು ರಾತ್ರಿ ಸಾರು ಬಡಿಸುತ್ತಾ ಹೇಳಿದ್ದೆ. ಯಜಮಾನರು ಅದನ್ನು ಸಮಿತಿಯಲ್ಲಿ ಹೇಳಿ ಒಪ್ಪಿಸಿಯೂ ಬಂದರು. ಆ ವಾರವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ.

ನನಗಿಂತ ಹೆಚ್ಚು ಹಿಗ್ಗಿದವರು ಪಕ್ಕದ ಮನೆಯ ಅಕ್ಕ. ಹಳೇಕೋಟೆ ಕಡೆಯ ಒಕ್ಕಲುತನದ ಮನೆಯವರು. ಎರಡು ಹಸು ಕಟ್ಟಿಕೊಂಡು, ನಡುಮನೆಯ ಕಿಟಕಿ ಹತ್ತಿರ ಮಿಷನ್ ಇಟ್ಟುಕೊಂಡು ಊರವರ ರವಿಕೆ ಹೊಲಿಯುತ್ತಿದ್ದರು. ಅವರ ಯಜಮಾನರನ್ನು ನೋಡಲು ಯಾರಾದರೂ ಬಂದರೆ ಮಿಷನ್ ಎತ್ತಿ ಅಡುಗೆಮನೆ ಸೇರಬೇಕು, ಹೋದರೆ ಮತ್ತೆ ತರಬೇಕು. ಮಧ್ಯಾಹ್ನ ಊಟ ಮುಗಿದ ಮೇಲೆ ಮಕ್ಕಳು ಸ್ಕೂಲಿನಿಂದ ಬರುವವರೆಗೆ ಅವರು ವೇಟಿಂಗ್ ರೂಮಿನಲ್ಲಿ ಹೊಲಿಯುವುದು, ನಾನು ಓದುವುದು, ಬೇಕಾದವರು ಬಂದು ಸುಮ್ಮನೆ ಕೂರುವುದು ಎಂದು ಮಾತಾಡಿಕೊಂಡಿದ್ದೆವು. ಆ ದಿನ ಬೆಳಿಗ್ಗೆಯೇ ಅಕ್ಕ ಮಿಷನ್ನಿಗೆ ಎಣ್ಣೆ ಬಿಟ್ಟು, ಕುಂಕುಮ ಇಟ್ಟು, ಆಟೋದಲ್ಲಿ ಹಾಕಿಸಿಕೊಂಡು ಬಂದಿದ್ದರು.

ಕೋಣೆಯ ಬಾಗಿಲಿಗೆ ಹೊಸ ಬೋರ್ಡು ಹೊಡೆದಿದ್ದರು. ಮಹಿಳೆಯರಿಗೆ ಸಂಜೆ ಆರರಿಂದ ಎಂಟು. ಅದರ ಮೇಲೆ, ಅದಕ್ಕಿಂತ ದೊಡ್ಡದಾಗಿ, ಒಂದು ಚೀಟಿ ವ್ಯವಹಾರದ ಆಫೀಸಿನ ಬೋರ್ಡು. ಹಗಲೆಲ್ಲ ಕೋಣೆ ಅವರದು. ಬಿಸಿಲಿನ ಚೌಕ ಬೀಳುತ್ತಿದ್ದ ಜಾಗದಲ್ಲಿ ಆಗಲೇ ಅವರ ಮೇಜು ಕೂತಿತ್ತು.

ಅಕ್ಕ ಎರಡು ಸಲ ಓದಿದರು. ಪಾನಕದ ಕೊಳಗವನ್ನು ಕೆಳಗಿಟ್ಟು, ನನ್ನ ಕಿವಿಗೆ ಮಾತ್ರ ಕೇಳುವಂತೆ, “ಆರ್ ಗಂಟೆಗೆ ನಾನು ಹಾಲು ಕರೀಲಾ, ಇಲ್ಲ ಇಲ್ಲಿ ಬಂದು ಮಿಷನ್ ತುಳೀಲಾ? ದೀಪ ಅಚ್ಚೋ ಒತ್ನಲ್ಲಿ ಯಾವ ಎಂಗ್ಸು ಒಸ್ಲು ದಾಟ್ತಾಳೆ ಕಣವ್ವ?” ಎಂದರು.

ಅಷ್ಟರಲ್ಲಿ ಭಾಷಣ ಶುರುವಾಗಿತ್ತು. ಒಂದು ಹೆಂಚೂ ದಂಡವಾಗಲಿಲ್ಲ, ಒಂದು ತೊಲೆಯೂ ಸೌದೆಯಾಗಲಿಲ್ಲ, ಒಂದು ಹನಿ ನೀರೂ ಚರಂಡಿಗೆ ಹೋಗದ ಹಾಗೆ ಮಾಡಿದ್ದೇವೆ ಎಂದರು ಸಮಿತಿಯವರು. ಸುಳ್ಳಲ್ಲ, ಕಟ್ಟಡ ಬಲು ಚೆನ್ನಾಗಿ ಉಳಿದಿತ್ತು. ನಾವು ಪ್ರಾರ್ಥನೆ ಹಾಡಿ, ಆರತಿ ಎತ್ತಿ, ದೊನ್ನೆಗೆ ಕೋಸಂಬರಿ ಹಾಕಿ ಕೊಟ್ಟೆವು. ಸೊಗಸಾಗಿದೆ ಎಂದು ಕೆಲವರು ಎರಡನೇ ಸಲವೂ ಹಾಕಿಸಿಕೊಂಡರು. ಅಕ್ಕನ ಮಿಷನ್ ಬಂದ ಆಟೋದಲ್ಲೇ ವಾಪಸು ಹೋಯಿತು.

ಮಧ್ಯಾಹ್ನ ಊಟಕ್ಕೆ ಕೂತ ಯಜಮಾನರನ್ನು ಆ ಬೋರ್ಡಿನ ಬಗ್ಗೆ ಕೇಳಿದೆ. ಅವರು ತಲೆ ಎತ್ತಲಿಲ್ಲ.

“ಹಗಲೆಲ್ಲ ನಿಮಗೆ ಮನೆ ಕೆಲಸ ಅಲ್ವಾ? ಸಂಜೆ ಹೆಂಗಸರು ಬಿಡುವಾಗಿರ್ತಾರೆ ಅಂತ ಎಲ್ಲರೂ ಅಂದ್ರು. ನಾನೂ ಹೂಂ ಅಂದೆ.”

ಕೆಟ್ಟ ಬುದ್ಧಿಯಿಂದ ಹೇಳಿದ ಮಾತಾಗಿದ್ದರೆ ಎಷ್ಟೋ ವಾಸಿಯಿತ್ತು. ಅವರು ಅದನ್ನು ನಂಬಿದ್ದರು. ಕಾಲೇಜಿನಿಂದ ಬಂದು ಕಾಫಿ ಕುಡಿದು ವಾಕಿಂಗ್ ಹೊರಟರೆ ತಟ್ಟೆ ಹಾಕುವ ಹೊತ್ತಿಗೇ ಅವರು ಮನೆಗೆ ಬರುವುದು. ಆ ನಡುವೆ ದೀಪ ಹಚ್ಚಿ, ಹಾಲು ಕಾಯಿಸಿ, ಮಕ್ಕಳ ಮಗ್ಗಿ ಒಪ್ಪಿಸಿಕೊಂಡು, ಪಲ್ಯ ಹೆಚ್ಚಿ, ಹಿಟ್ಟು ನಾದುವ ಮನೆಯನ್ನು ಅವರು ಒಂದು ದಿನವೂ ಕಂಡವರಲ್ಲ. ಸಮಿತಿಯ ಮಿಕ್ಕವರೂ ಅದೇ ರಸ್ತೆಯಲ್ಲಿ ಅದೇ ಹೊತ್ತಿಗೆ ವಾಕಿಂಗ್ ಮಾಡುವವರು. ಅವರಿಗೆ ಬಿಡುವಾದಾಗ ಊರಿಗೆಲ್ಲ ಬಿಡುವು. ನಮ್ಮನ್ನು ಒಂದು ಮಾತು ಕೇಳಬೇಕೆಂದು ಅವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಮಜ್ಜಿಗೆ ಬಡಿಸಿದೆ.

ಸಂಜೆ ದೇವರಿಗೆ ದೀಪ ಹಚ್ಚಿ, ತುಳಸಿಗೊಂದು ಹಣತೆ ಇಡಲು ಹೊರಗೆ ಬಂದೆ. ಪಕ್ಕದ ಕೊಟ್ಟಿಗೆಯಿಂದ ತಂಬಿಗೆಗೆ ಹಾಲು ಬೀಳುವ ಸದ್ದು ಕೇಳುತ್ತಿತ್ತು. ಕೈ ಎಣ್ಣೆಯಾಗಿತ್ತು, ಒರೆಸಿಕೊಂಡು ಒಳಗೆ ಹೋದೆ. ಅಡುಗೆ ಮುಗಿಸಿ ಒಣಗಿದ ಬಟ್ಟೆ ತೆಗೆಯಲು ಮತ್ತೆ ಬಂದಾಗ, ಅಕ್ಕನ ಯಜಮಾನರು ಟಾರ್ಚು ಬೀಸಿಕೊಂಡು ಸ್ಟೇಷನ್ ಕಡೆಯಿಂದ ಬರುತ್ತಿದ್ದರು. ಕಾಂಪೌಂಡಿನ ಹತ್ತಿರ ನಿಂತು, ಬಾಯಲ್ಲಿದ್ದ ಎಲೆಅಡಿಕೆ ಉಗುಳಿ, ಮನೆಯ ಕಡೆ ತಿರುಗುತ್ತಲೇ ಹೇಳಿದರು:

“ರೂಮು ಒಳ್ಳೆ ತಣ್ಣಗದೆ ಕಣವ್ವ. ಎಣ್ಮಕ್ಳು ಯಾರೂ ಬರ್ನಿಲ್ಲ, ಸುಮ್ನೆ ಲೈಟ್ ಉರೀತಿತ್ತು. ಅದ್ಕೇ ನಾವೇ ನಾಕ್ ಜನ ಕುಂತಿದ್ವಿ.”