ಉತ್ತರಕ್ಕೆ ತಿರುಗಿದ ದೋಣಿ

ಮೂರು ವರ್ಷದ ಹಿಂದಿನ ಏಪ್ರಿಲ್. ಆಗ ನಾನು ವೈಟ್‌ಫೀಲ್ಡಿನ ಒಂದು ಸಣ್ಣ ಕಂಪನಿಯ ವಾಚ್ ಡೆಸ್ಕಿನಲ್ಲಿದ್ದೆ. ಹಾಯಿದೋಣಿಗಳಿಗೆ ಕೂರಿಸುವ ಟ್ರ್ಯಾಕರ್ ನಮ್ಮದು. ಪೀಣ್ಯದ ಶೆಡ್ಡಿನಲ್ಲಿ ತಯಾರಾಗುತ್ತಿತ್ತು. ಅದು ಅರ್ಧ ಗಂಟೆಗೊಮ್ಮೆ ಸ್ಯಾಟಲೈಟ್ ಮೂಲಕ ದೋಣಿ ಎಲ್ಲಿದೆ, ಸೋಲಾರ್ ಚಾರ್ಜ್ ಎಷ್ಟು ಬರುತ್ತಿದೆ ಅಂತ ಕಳಿಸುತ್ತಿತ್ತು. ಹೂಡಿಯ ಮನೆಯಿಂದ ಊಟದ ಡಬ್ಬಿ ಕಟ್ಟಿಕೊಂಡು ಬಂದು, ಸಮುದ್ರದ ವಾಸನೆಯೂ ಇಲ್ಲದ ಜಾಗದಲ್ಲಿ ಕೂತು ಸಮುದ್ರ ಕಾಯುವ ಕೆಲಸ. ಪರದೆಯಲ್ಲಿ ಬಂದದ್ದನ್ನೆಲ್ಲ ನೋಟ್‌ಬುಕ್ಕಿನಲ್ಲೂ ಬರೆದಿಡುವುದು ನನ್ನ ಅಭ್ಯಾಸ. "ಸರ್ವರ್ ಬಿದ್ದುಹೋದ್ರೂ ನಿಮ್ಮ ನೋಟ್‌ಬುಕ್ ಬೀಳಲ್ಲ ಬಿಡಿ ಮೇಡಂ" ಅಂತ ಟೀಮ್ ಲೀಡ್ ಪ್ರವೀಣ ರೇಗಿಸುತ್ತಿದ್ದ.

ಮಂಗಳೂರಿನ ದಿವಾಕರ ಒಬ್ಬನೇ ಮಿನಿಕಾಯ್ ದ್ವೀಪಕ್ಕೆ ಹೊರಟಿದ್ದ. ದ್ವೀಪ ಸಿಗುವ ಮೊದಲು ಸರಕು ಹಡಗುಗಳ ದಾರಿಯೊಂದನ್ನು ಅಡ್ಡ ದಾಟಬೇಕು. ಹಡಗಿಗೆ ದೋಣಿಯನ್ನೂ ದೋಣಿಗೆ ಹಡಗನ್ನೂ ತೋರಿಸುವ AIS ಯಂತ್ರ ಉಪ್ಪುನೀರು ಹೊಕ್ಕು ಕೆಟ್ಟಿತ್ತು. ಹಾಗಾಗಿ ಅವನು ಎರಡು ರಾತ್ರಿ ನಿದ್ದೆಗೆಟ್ಟಿದ್ದ. ಹಡಗುಗಳು ನನ್ನ ಪರದೆಯಲ್ಲಿ ಕಾಣುತ್ತಿದ್ದವು. ನೋಡಿ ನೋಡಿ ಅವನಿಗೆ ಹೇಳುತ್ತಿದ್ದೆ.

ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಅವನು ಆ ದಾರಿ ದಾಟಿ ಐದು ಮೈಲಿ ದಕ್ಷಿಣಕ್ಕಿದ್ದ. ಸ್ಯಾಟಲೈಟ್ ಫೋನಿನಲ್ಲಿ ನಾನೇ ಹೇಳಿದೆ: "ಎರಡು ಗಂಟೆ ಮಲಗಪ್ಪ. ನಾನು ನೋಡ್ಕೋತೀನಿ."

"ನೀವು ಕೂತಿದ್ದರೆ ಸಾಕು ಅಕ್ಕ" ಅಂದ.

ಹತ್ತು ಹತ್ತರ ಮಾಹಿತಿಯಲ್ಲಿ ದೋಣಿ ಹಿಂದಕ್ಕೆ, ಉತ್ತರಕ್ಕೆ ಹೋದಂತಿತ್ತು. ನನಗೆ ಏನೂ ತಿಳಿಯಲಿಲ್ಲ. ಮಲಗಿದವನು ಯಾಕೆ ವಾಪಸ್ ಹೊರಟ? ಪ್ರವೀಣನನ್ನು ಕರೆದೆ.

"ಅಯ್ಯೋ ಮೇಡಂ, ಈ ಬ್ಯಾಚಿನ ಆಂಟೆನಾನೇ ಹಂಗೆ. ಹೋದ ವಾರ ಇನ್ನೊಂದು ಪೀಸ್ ದೋಣೀನ ಕೊಪ್ಪಳದಲ್ಲಿ ತೋರಿಸ್ತು. ಆ ಪಾಯಿಂಟ್ ತೆಗೆದುಹಾಕಿ."

ಕೊಪ್ಪಳ ಅಂದಾಗ ನಗು ಬಂತು. ನೋಟ್‌ಬುಕ್ಕಿನಲ್ಲಿ 'ತಪ್ಪು' ಅಂತ ಬರೆದೆ. ಹಳೆಯ ದಿಕ್ಕಿನ ಪ್ರಕಾರ ಲೆಕ್ಕ ಹಾಕಿದರೆ, ಪೂರ್ವದಿಂದ ಬರುತ್ತಿದ್ದ ಒಂದು ಸರಕು ಹಡಗು ಅವನಿಗೆ ಬಹಳ ದೂರದಲ್ಲಿ ಹಾದುಹೋಗಬೇಕು. ಹತ್ತು ನಲವತ್ತಕ್ಕೆ ಮತ್ತೆ ಅದೇ: ಇನ್ನೂ ಉತ್ತರಕ್ಕೆ. ಇದನ್ನೂ ತಪ್ಪು ಅನ್ನಬೇಕೆ? ಯಂತ್ರ ಕೆಟ್ಟಿದೆಯೋ, ನನ್ನ ತಲೆ ಕೆಟ್ಟಿದೆಯೋ ಗೊತ್ತಾಗಲಿಲ್ಲ.

ಚಾರ್ಜಿನ ಅಂಕಿ ಬರೆಯಲು ಹೋದಾಗ ಕೈ ನಿಂತಿತು. ದಿನಾ ಆ ಹೊತ್ತಿಗೆ ಏರುತ್ತಿದ್ದದ್ದು ಅರ್ಧಕ್ಕರ್ಧ ಬಿದ್ದಿತ್ತು. ಸ್ಯಾಟಲೈಟ್ ಚಿತ್ರದಲ್ಲಿ ಅಲ್ಲಿ ಒಂದು ಮೋಡವೂ ಇಲ್ಲ. ಪ್ಯಾನೆಲ್ ಕಟ್ಟಿದ್ದು ದೋಣಿಯ ಎಡಕ್ಕೆ. ದಕ್ಷಿಣಕ್ಕೆ ಹೋಗುವಾಗ ಎಡಕ್ಕೆ ಪೂರ್ವ, ಬೆಳಗಿನ ಬಿಸಿಲು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ: ಎಡ ಈಗ ಪಶ್ಚಿಮವಾಗಿದೆ, ಪ್ಯಾನೆಲ್ ಮೇಲೆ ಹಾಯಿಯ ನೆರಳು ಬಿದ್ದಿದೆ. ದೋಣಿ ನಿಜವಾಗಿ ತಿರುಗಿದೆ.

ಅವನು ಮಲಗಿದಾಗ ಚುಕ್ಕಾಣಿ ಹಿಡಿಯುತ್ತಿದ್ದದ್ದು ಗಾಳಿಪಟ್ಟಿ, ಗಾಳಿಗೆ ತಿರುಗುವ ಒಂದು ಹಲಗೆ. ಅದಕ್ಕೆ ದಿಕ್ಕು ಗೊತ್ತಿಲ್ಲ, ಗಾಳಿಯನ್ನು ಬೆನ್ನಿಗಿಟ್ಟುಕೊಳ್ಳುವುದಷ್ಟೇ ಗೊತ್ತು. ಉತ್ತರದ ಗಾಳಿ ಮೆಲ್ಲಗೆ ಸುತ್ತಿ ದಕ್ಷಿಣದಿಂದ ಬೀಸಿದರೆ, ದೋಣಿಯೂ ಅದರ ಜೊತೆ ಮೆಲ್ಲಗೆ ತಿರುಗಿ ಹಡಗಿನ ದಾರಿಗೇ ವಾಪಸ್.

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಪಕ್ಕದಲ್ಲಿ ಪ್ರವೀಣ ಕರಾವಳಿಯ ರಕ್ಷಣಾ ಕೇಂದ್ರಕ್ಕೆ ಕರೆ ಹಚ್ಚಿ ಹೋಲ್ಡಿನಲ್ಲಿ ಕಾಯುತ್ತಿದ್ದ. ಆರನೆಯ ಸಲಕ್ಕೆ ದನಿ ಬಂತು.

"ಎಂಥದು ಮಾರಾಯ್ರೆ, ಈಗ ಕಣ್ಣು ಹತ್ತಿದ್ದಷ್ಟೆ."

"ಮೇಲೆ ಹತ್ತು, ಬಲಗಡೆ ನೋಡು!"

ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು. ಆಮೇಲೆ, "ಅಯ್ಯೋ ದೇವರೇ, ಇದೆಂಥ, ಮನೆಯಷ್ಟು ಎತ್ತರ ಉಂಟಲ್ಲ!" ಫೋನ್ ಬಿದ್ದ ಸದ್ದು, ಎಂಜಿನ್ ಕೆಮ್ಮಿದ ಸದ್ದು. ಕರೆ ಕಡಿಯಿತು.

ಹನ್ನೊಂದು ನಿಮಿಷ. ಪ್ರವೀಣ ನೀರಿನ ಬಾಟಲಿ ಮುಂದಿಟ್ಟ; ನಾನು ಮುಟ್ಟಲಿಲ್ಲ. ಕೊನೆಗೆ ದಿವಾಕರನೇ ಫೋನ್ ಮಾಡಿದ.

"ಅಕ್ಕ, ಹಡಗಿನ ಅಡುಗೆಮನೆಯ ಒಗ್ಗರಣೆ ವಾಸನೆ ಬಂತು. ಅಷ್ಟು ಹತ್ತಿರ." ನಗಲು ಹೋದ, ಆಗಲಿಲ್ಲ. "ನಾನು ದಾಟಿ ಆಗಿತ್ತಲ್ಲ?"

"ಆಗಿತ್ತಪ್ಪ. ಆಮೇಲೆ ದೋಣಿ ತಿರುಗಿಬಿಟ್ಟಿತು. ನನಗೆ ಕಾಣಿಸಿತ್ತು, ನಾನು ನಂಬಲಿಲ್ಲ."

ಅವನು ಮಾರನೇ ದಿನ ಮಿನಿಕಾಯ್ ಮುಟ್ಟಿದ. ಆ ಹಡಗಿನವರು ಅವನನ್ನು ನೋಡಿದ್ದರೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅರ್ಥವಾಗದ್ದನ್ನು ತಪ್ಪು ಅಂತ ಬರೆಯುವುದನ್ನು ಮಾತ್ರ ಅಂದೇ ಬಿಟ್ಟೆ. ಈಗ 'ಗೊತ್ತಾಗಲಿಲ್ಲ' ಅಂತ ಬರೆದು, ಮಲಗಿದವರನ್ನು ಎಬ್ಬಿಸಿ ಕೇಳುತ್ತೇನೆ. ಬೈಸಿಕೊಳ್ಳುತ್ತೇನೆ.