ಮೇಸ್ತ್ರಿಯ ನೆಟ್ಟಗಿನ ಗೋಡೆ

ದೂರದೇಶದ ಕಡಲ ದಂಡೆಯಲ್ಲಿ, ಬೆಟ್ಟಸಾಲಿನ ಬುಡದಲ್ಲಿದ್ದ ಒಂದು ಬೀದಿಯ ಗಾರೆ ಮೇಸ್ತ್ರಿಯ ಲೆಕ್ಕದಲ್ಲಿ ಪ್ರಪಂಚವೆಲ್ಲ ಸೊಟ್ಟ, ತಾನೊಬ್ಬನೇ ನೆಟ್ಟಗೆ. ಬೇರೆಯವರ ಕೆಲಸ ಕಂಡರೆ ಮೂಗು ಮುರಿಯುವನು. ಮನೆ ಕಟ್ಟಿಸಿಕೊಂಡವರ ಎದುರೇ, "ಇದನ್ನ ಕೈಯಲ್ಲಿ ಕಟ್ಟಿದ್ದೋ, ಕಾಲಲ್ಲೋ?" ಎನ್ನುವನು. ಅಂಥ ಕೆಟ್ಟ ನಾಲಿಗೆ.

ತನ್ನ ಮನೆಗೂ ತಮ್ಮನ ಮನೆಗೂ ನಡುವೆ ಗೋಡೆ ಎಬ್ಬಿಸಿದವನೂ ಅವನೇ. ಕೆಲವು ವರ್ಷಗಳಲ್ಲಿ ಅದು ನಡುವೆ ಬಿರಿದು, ಹಿತ್ತಲ ಕಡೆಯ ಅರ್ಧ ಮೇಸ್ತ್ರಿಯ ಅಂಗಳದೊಳಕ್ಕೆ ಗೇಣಷ್ಟು ಸರಿದಿತ್ತು. ತಾನು ಕಟ್ಟಿದ ಗೋಡೆ ತಾನಾಗಿ ಸರಿಯುವುದುಂಟೇ? ಜಾಗ ನುಂಗಲು ತಮ್ಮನೇ ಕೆಡವಿ ಒಳಗೆ ಒತ್ತಿ ಕಟ್ಟಿದ್ದಾನೆ ಎಂದು ತೀರ್ಮಾನಿಸಿಬಿಟ್ಟ. ತಾನು ಮುಟ್ಟಿಲ್ಲವೆಂದು ತಮ್ಮನು ಅಮ್ಮನ ಮೇಲೆ ಆಣೆ ಇಟ್ಟ. ಆದರೂ ಮೇಸ್ತ್ರಿ ತಮ್ಮನ ಮುಖಕ್ಕೆ ಉಗಿದು, ತನ್ನ ಜೊತೆಗೆ ಗಾರೆ ಕಲಸುತ್ತಿದ್ದ ಅವನನ್ನು ಕೆಲಸದಿಂದ ಓಡಿಸಿದ. ಬೀದಿಯೆಲ್ಲ ಕಳ್ಳನೆಂದು ಸಾರಿದ. ಬೀದಿಯವರಿಗೂ ಬುದ್ಧಿ ಇರಲಿಲ್ಲ, ನಂಬಿದರು. ಆಮೇಲೆ ತಮ್ಮನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ.

ಈಚೆಗೆ ನೆಲದ ಪರೀಕ್ಷೆಗೆಂದು ಒಬ್ಬ ಎಂಜಿನಿಯರಮ್ಮ ಬಂದಳು. ಗೋಡೆ ಬಿರಿದ ಗೆರೆಯಲ್ಲೇ ಆಚೆಯ ರಸ್ತೆಯೂ ಚರಂಡಿಯೂ ತುಂಡಾಗಿ ಪಕ್ಕಕ್ಕೆ ಸರಿದಿರುವುದನ್ನು ಮೇಸ್ತ್ರಿಗೆ ತೋರಿಸಿದಳು.

"ಇದರಡಿ ದೊಡ್ಡ ಬಿರುಕಿದೆ ಮೇಸ್ತ್ರಿಗಳೇ. ಎರಡು ಭೂಫಲಕಗಳು, ಅಂದ್ರೆ ಬಂಡೆಯ ಭಾರೀ ಹಲಗೆಗಳು ಅನ್ನಿ, ಇಲ್ಲಿ ಒಂದನ್ನೊಂದು ಉಜ್ಜಿಕೊಂಡು ಸರೀತಿವೆ. ಸರೀತಾ ಸರೀತಾ ಒತ್ತಿಕೊಳ್ತಾನೂ ಇವೆ. ಆ ಒತ್ತಡಕ್ಕೆ ಬಂಡೆ ಮಡಚಿ, ಮುರಿದು, ಒಂದರ ಮೇಲೊಂದು ಹತ್ತಿ ಎದ್ದಿದ್ದೇ ಈ ಕಡಲ ದಂಡೆಯ ಬೆಟ್ಟಸಾಲು. ಇನ್ನೂ ಏಳ್ತಾನೇ ಇದೆ."

"ಬೆಟ್ಟ ಏಳೋದಾ? ಸುಮ್ನಿರಮ್ಮ."

"ಚಾಪೇನ ಎರಡೂ ಕಡೆಯಿಂದ ತಳ್ಳಿ ನೋಡಿ, ನಡುವೆ ಏಳಲ್ವಾ?"

"ಹಾಗಾದ್ರೆ ನನ್ನ ಗೋಡೆ?"

"ನೆಲಾನೇ ಎಳ್ಕೊಂಡು ಹೋಗಿದೆ. ಯಾರೂ ಮುಟ್ಟಿಲ್ಲ."

ಮೇಸ್ತ್ರಿಯ ಮುಖ ಊರಗಲವಾಯಿತು. ಚಪ್ಪಲಿಯನ್ನೂ ಮೆಟ್ಟದೆ ತಮ್ಮನ ಮನೆಗೆ ಓಡಿ ಬಾಗಿಲು ಬಡಿದ. ಅಣ್ಣ ಹೊಸ್ತಿಲ ಬಳಿ ನಿಂತಿದ್ದು ಕಂಡು ತಮ್ಮ ಬಾಗಿಲನ್ನು ಪೂರ್ತಿ ತೆರೆದ. ಎಷ್ಟು ಕಾಲದಿಂದ ಕಾದಿದ್ದ ಪಾಪ.

"ಬಾ ಅಣ್ಣಾ, ಒಳಗೆ ಬಾ."

"ಕೇಳಿದ್ಯೇನೋ? ನನ್ನ ಗೋಡೇಲಿ ಕೂದಲೆಳೆಯಷ್ಟೂ ತಪ್ಪಿಲ್ವಂತೆ! ನೆಲಾನೇ ಸರಿ ಇಲ್ವಂತೆ!"

ತಮ್ಮ ಇನ್ನೊಂದು ಮಾತಿಗಾಗಿ ಕಾದ. ಅದು ಬರಲಿಲ್ಲ.

"ಮತ್ತೆ ನಾನು, ಅಣ್ಣಾ?"

"ಇದ್ರಲ್ಲಿ ನಿಂದೇನೋ?"

ತಮ್ಮ ಬಾಗಿಲು ಹಾಕಿಕೊಂಡ. ಮೇಸ್ತ್ರಿ ಸುದ್ದಿ ಮುಟ್ಟಿಸಲು ಪಕ್ಕದ ಮನೆಗೆ ಹೊರಟ.